ಹಿಂದಿನ ಸೀಟಿನ ತೂಕ

ಮಾರ್ಚ್ ೯, ಶನಿವಾರ

ಇವಳೇ,

ಮದುವೆಯಾದಂದಿನಿಂದ ಕರೆದದ್ದು ಹೀಗೆಯೇ. ಕಾಗದದಲ್ಲಿ ಬೇರೆ ಥರ ಶುರುಮಾಡಿದರೆ ಬೇರೆ ಯಾರಿಗೋ ಬರೆದಂತಾಗುತ್ತದೆಂದು ಹಾಗೇ ಬಿಟ್ಟಿದ್ದೇನೆ. ನೀನು ಕ್ಷೇಮವೆಂದು ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ. ಮಹಡಿಯಲ್ಲಿ ಅಕ್ಕನೂ ಚೆನ್ನಾಗಿದ್ದಾಳೆ. ಕೆಳಗಿನ ಸೀಟಿನ ಅಂಗಡಿಯ ಗೋಂದಿನ ವಾಸನೆ ಮೇಲಕ್ಕೆ ಬರುತ್ತದೆಂದು ಬೈಯುವಷ್ಟು ಚೆನ್ನಾಗಿದ್ದಾಳೆ.

ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ಕೆಲಸ ಹೆಚ್ಚಿತ್ತು ಎಂದು ಬರೆಯೋಣವೆಂದಿದ್ದೆ. ಹೆಚ್ಚಿರಲಿಲ್ಲ. ಕಾಗದವನ್ನು ಗೋಂದಿನ ಡಬ್ಬಿಯ ಕೆಳಗೆ ಇಟ್ಟಿದ್ದೆ. ಡಬ್ಬಿ ಎತ್ತಿದಾಗಲೆಲ್ಲ ಕಾಣುತ್ತಿತ್ತು. ಈಗ ನಿನ್ನ ಅಕ್ಷರದ ಮೇಲೆ ಒಂದು ದುಂಡನೆ ಕಲೆ ಕೂತಿದೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ ಎಂದು ಕೇಳಿ, ಆಯ್ತು ಎಂದು ಹೇಳಿ, ಆಮೇಲೆ ಒಬ್ಬರ ಉಸಿರನ್ನು ಒಬ್ಬರು ಕೇಳಿಸಿಕೊಳ್ಳುತ್ತ ನಿಲ್ಲುತ್ತೇವೆ. ನೀನು ಬರೆದದ್ದೇ ಒಳ್ಳೆಯದಾಯಿತು.

ಆ ಊರಿಗೆ ಹೋದ ಏಳು ವರ್ಷದಲ್ಲಿ ನೀನು ನನ್ನನ್ನು ಏನನ್ನಾದರೂ ಕೇಳಿರುವುದು ಇದೇ ಮೊದಲು. ಆದ್ದರಿಂದ ಸರಿಯಾಗಿ ಉತ್ತರ ಹೇಳಬೇಕು.

ನೀನು ನೋಡಿಟ್ಟಿರುವ ಎರಡು ಬೈಕುಗಳಲ್ಲಿ ಮೊದಲನೆಯದರ ಸೀಟು ನೆಲದಿಂದ ಏಳುನೂರ ತೊಂಬತ್ತೈದು ಮಿಲಿಮೀಟರ್, ಎರಡನೆಯದು ಏಳುನೂರ ಅರವತ್ತೈದು. ಶೋರೂಮಿನವನು ಎರಡನೆಯದನ್ನೇ ತಗೊಳ್ಳಿ ಮೇಡಂ, ನಿಮಗೇ ಹೇಳಿ ಮಾಡಿಸಿದ ಹಾಗಿದೆ ಅಂದನೆಂದು ಬರೆದಿದ್ದೀಯ. ಅವನು ಅಂಕಿ ಓದಿದ್ದಾನೆ, ಸೀಟು ನೋಡಿಲ್ಲ. ಎರಡನೆಯದು ಮುಂದುಗಡೆ ಅಗಲ. ಅಗಲ ಸೀಟಿನ ಮೇಲೆ ತೊಡೆ ಹರಡಿಕೊಂಡು ಕಾಲು ನೆಟ್ಟಗೆ ಇಳಿಯದೆ ಓರೆಯಾಗಿ ಇಳಿಯುತ್ತದೆ. ಓರೆಯಾಗಿ ಇಳಿದ ಕಾಲಿಗೆ ಉದ್ದ ಸಾಲುವುದಿಲ್ಲ. ಮೊದಲನೆಯದು ಟ್ಯಾಂಕಿನ ಹತ್ತಿರ ಕಿರಿದಾಗಿದೆ. ಎತ್ತರ ಹೆಚ್ಚಿದ್ದರೂ ಕಾಲು ಹೆಚ್ಚು ಕೆಳಗೆ ಮುಟ್ಟೀತು. ಮೇಲಾಗಿ ಎರಡನೆಯದು ನಲವತ್ತು ಕಿಲೋ ಹೆಚ್ಚು ಭಾರ. ನೀನು ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವವಳು. ದಿನಕ್ಕೆ ಇಪ್ಪತ್ತು ಕಡೆ ನಿಲ್ಲಿಸಬೇಕು, ಯಾರದೋ ಗೇಟಿನ ಮುಂದೆ ಇಳಿಜಾರಿನಲ್ಲಿ ಕೂತಲ್ಲೇ ಹಿಂದಕ್ಕೆ ತಳ್ಳಬೇಕು. ಎತ್ತರವನ್ನು ನಾನು ಕತ್ತರಿಸಬಲ್ಲೆ, ತೂಕವನ್ನು ಕತ್ತರಿಸಲಾರೆ. ಮೊದಲನೆಯದನ್ನೇ ತಗೋ.

ಆದರೆ ಒಂದು ನಿಮಿಷ ಕೂತು ಇಳಿದುಬಿಡಬೇಡ. ಕೆಲಸಕ್ಕೆ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ, ಹತ್ತು ನಿಮಿಷ ಕೂರು. ಶೋರೂಮಿನವನು ಗಡಿಯಾರ ನೋಡಿದರೆ ನೋಡಲಿ. ಮೆತ್ತನೆಯ ಸೀಟು ಮೊದಲ ನಿಮಿಷ ಮುದ್ದು ಮಾಡುತ್ತದೆ, ಮುಕ್ಕಾಲು ಗಂಟೆಗೆ ಫೋಮ್ ಕುಗ್ಗಿ ಕೆಳಗಿನ ತಟ್ಟೆ ಚುಚ್ಚುತ್ತದೆ. ಇನ್ನೊಂದು ಮಾತು. ಸ್ಪ್ರಿಂಗ್ ಬದಲಿಸಿ ಬೈಕನ್ನೇ ಇಳಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡ ಅನ್ನು. ಬೈಕು ಇಳಿಯುತ್ತದೆ, ಪಕ್ಕದ ಸ್ಟ್ಯಾಂಡಿನ ಉದ್ದ ಕಡಿಮೆಯಾಗುವುದಿಲ್ಲ. ನಿಲ್ಲಿಸಿ ಬೆನ್ನು ತಿರುಗಿಸಿದರೆ ಇನ್ನೊಂದು ಮಗ್ಗುಲಿಗೆ ಮಲಗುತ್ತದೆ.

ಇಲ್ಲಿ ಹೊಸದೇನೂ ಇಲ್ಲ. ಪಕ್ಕದ ಮೆಕ್ಯಾನಿಕ್ ಸೈಲೆನ್ಸರ್ ಹಾಗೇ ಇದ್ದಾನೆ. ಬಾಯಿಗೆ ಅದೊಂದು ಇಲ್ಲವೆಂದು ನೀನೇ ಇಟ್ಟ ಹೆಸರು, ಈಗ ಅವನ ಬೋರ್ಡಿನ ಮೇಲೂ ಅದೇ ಇದೆ. ಹೋದ ವಾರ ಡ್ರಾಯಿಂಗ್ ಮೇಷ್ಟ್ರು ಒಬ್ಬರು ಬೆಟ್ಟಗುಡ್ಡ ಹತ್ತುವ ಬೈಕು ಕೊಂಡುಕೊಂಡು ಬಂದಿದ್ದರು. ಮೇಷ್ಟ್ರು ಐದಡಿ ಎರಡಿಂಚು. ಬೈಕು ನಿಂತರೆ ಅವರ ಎದೆಗೆ ಬರುತ್ತದೆ. ಸೈಲೆನ್ಸರ್ ಆಚೆಯಿಂದ, "ಮೇಷ್ಟ್ರೇ, ಏಣಿ ಜೊತೇಲಿ ಕೊಟ್ರಾ, ಬೇರೆ ತಗೋಬೇಕಾ?" ಅಂದ. ಮೇಷ್ಟ್ರು ನಗಲಿಲ್ಲ. "ಮೂವತ್ತು ವರ್ಷ ಮಕ್ಕಳಿಗೆ ಬೆಟ್ಟ ಬರೆಯೋದು ಹೇಳಿಕೊಟ್ಟಿದ್ದೀನಿ ಕಣಯ್ಯಾ, ಒಂದಾದ್ರೂ ಹತ್ತಬೇಡ್ವಾ?" ಅಂದರು.

ನನ್ನ ಬೆಂಚಿಗೆ ಬಂದವರನ್ನು ನಾನು ಮೂರು ಪ್ರಶ್ನೆ ಕೇಳುತ್ತೇನೆಂದು ನಿನಗೆ ಗೊತ್ತಲ್ಲ. ಕಾಲಿನ ಅಳತೆ ಎಷ್ಟು, ತೂಕ ಎಷ್ಟು, ಒಬ್ಬರೇನಾ ಹಿಂದೆ ಯಾರಾದರೂ ಕೂರುತ್ತಾರಾ. ಮೂರನೆಯದಕ್ಕೆ ಮೇಷ್ಟ್ರು, "ಒಬ್ಬನೇ ಸ್ವಾಮಿ. ನಮ್ಮವಳು ಇದರ ಮೇಲೆ ಕಾಲಿಡಲ್ಲ ಅಂತ ಶಪಥ ಮಾಡಿದ್ದಾಳೆ" ಅಂದರು. ಹಾಗಾದರೆ ಒಂದು ಕಾಲು ಊರಿದರೆ ಸಾಕು, ಇನ್ನೊಂದು ಬ್ರೇಕಿನ ಮೇಲಿರಲಿ ಎಂದು ಒಂದೇ ಇಂಚು ತೆಗೆದು, ಉಳಿದದ್ದರಲ್ಲಿ ಅರ್ಧ ಗಟ್ಟಿ ಫೋಮ್ ಕೂರಿಸಿಕೊಟ್ಟೆ. ಎತ್ತರ ಇಳಿಸಿದಷ್ಟೂ ಸುಖ ಕಡಿಮೆ. ಇದನ್ನು ಜನಕ್ಕೆ ಹೇಳುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ.

ನಿನಗೂ ಹೇಳಿದ್ದೆ. ಬೈಕು ಕಲಿತ ಹೊಸತರಲ್ಲಿ ನೀನು ಸೀಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಸರದಿಯಲ್ಲಿ ಕೂತಿದ್ದೆ. ನಿನ್ನ ಮುಂದೆ ಇಬ್ಬರಿದ್ದರು. ಮನೆಗೆ ಹೋಗೇ, ಸಂಜೆ ನೋಡ್ತೀನಿ ಅಂದೆ ನಾನು. "ಸಂಜೆ ನೋಡ್ತೀನಿ ಅನ್ನೋದು ಹನ್ನೊಂದು ವರ್ಷದಿಂದ ಕೇಳ್ತಾ ಇದೀನಿ ಕಣ್ರೀ. ನನ್ನ ಸರದಿ ಬರ್ಲಿ, ಕೂತಿರ್ತೀನಿ" ಅಂದೆ ನೀನು. ಬೆಂಚಿನವರು ನಕ್ಕರು. ನಾನೂ ನಕ್ಕೆ. ಸರದಿ ಬಂದಾಗ, ಎರಡೂ ಕಾಲು ಪೂರ್ತಿ ಊರಬೇಕು ಅಂದೆ ನೀನು. ಅಷ್ಟು ಕತ್ತರಿಸಿದರೆ ಮೆತ್ತೆ ಉಳಿಯಲ್ಲ, ಸೊಂಟ ನೋಯುತ್ತೆ, ಒಂದು ಕಾಲು ಸಾಕು ಎಂದು ನಾನು ವಿವರಿಸಿದೆ. "ನೋಯ್ಲಿ ಬಿಡಿ. ನಂಗೆ ಎರಡೂ ಬೇಕು" ಅಂದೆ. ಹೊಸದಾಗಿ ಕಲಿತವರಿಗೆ ಬೀಳುವ ಭಯವಿರುತ್ತದೆಂದು ಹೆಚ್ಚು ಮಾತಾಡದೆ ಕತ್ತರಿಸಿಕೊಟ್ಟೆ.

ಈಗಿನದೂ ಎರಡೂ ಕಾಲು ಊರುವಂತೆಯೇ ಇರಲಿ ಎಂದು ಬರೆದಿದ್ದೀಯ. ಆಗಲಿ. ಬೈಕು ಕೊಂಡಮೇಲೆ ಸೀಟು ಬಿಚ್ಚಿ ಪಾರ್ಸೆಲ್ ಮಾಡು. ಅಲ್ಲಿಯವರೆಗೆ ಹಳೆಯ ಬೈಕಿನಲ್ಲಿ ಕೆಲಸ ನಡೆಯುತ್ತದಲ್ಲ. ಜೊತೆಗೆ ಅಳತೆ ಕಳಿಸು. ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪನೆಯ ಪುಸ್ತಕವೊಂದನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿಹಿಡಿದು, ಅದರ ಅಂಚಿನಿಂದ ನೆಲಕ್ಕೆ ಟೇಪು ಇಳಿಸಬೇಕು. ನಿನ್ನದು ಇಪ್ಪತ್ತೆಂಟು ಇಂಚು, ಐವತ್ತನಾಲ್ಕು ಕಿಲೋ. ಮರೆತಿಲ್ಲ. ಆದರೂ ಏಳು ವರ್ಷವಾಯಿತು, ಮತ್ತೊಮ್ಮೆ ನೋಡಿ ಬರೆ.

ಹಿಂದೆಯೂ ಒಬ್ಬರು ಕೂರುವಂತೆ ಚೆನ್ನಾಗಿ ಮಾಡಿಕೊಡಿ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೀಯ. ಮಾಡುತ್ತೇನೆ. ಇಷ್ಟು ದಿನ ಅಲ್ಲಿ ನಿನ್ನ ಸ್ಯಾಂಪಲ್ ಡಬ್ಬಿ ಇತ್ತು, ಡಬ್ಬಿಗೆ ಮೆತ್ತೆ ಬೇಕಿರಲಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಒಳ್ಳೆಯದಾಗಲಿ.

ಇವರು

ತಾ.ಕ. ಹಿಂದೆ ಕೂರುವವರ ಎತ್ತರ ಬೇಕಿಲ್ಲ. ತೂಕ ಬರೆದರೆ ಸಾಕು. ಅದು ಗೊತ್ತಾಗದೆ ಫೋಮ್ ಕತ್ತರಿಸಲು ಬರುವುದಿಲ್ಲ, ಅದಕ್ಕೇ ಕೇಳಿದೆ.


ಏಪ್ರಿಲ್ ೬, ಶನಿವಾರ

ಇವಳೇ,

ಪಾರ್ಸೆಲ್ ಸೋಮವಾರವೇ ಬಂತು, ಈ ಸಲವೂ ತಡ ಮಾಡಿದೆ. ಗೋಣಿಯನ್ನು ನೀನೇ ಹೊಲಿದಿದ್ದೀಯ, ಹೊಲಿಗೆ ನೋಡಿದರೆ ಗೊತ್ತಾಗುತ್ತದೆ. ನೀನು ಗಂಟು ಹಾಕಿದ ಮೇಲೂ ನಂಬಿಕೆ ಬರದೆ ಇನ್ನೊಂದು ಗಂಟು ಹಾಕುವವಳು. ಬಿಚ್ಚುವುದಕ್ಕೆ ಕಾಲು ಗಂಟೆ ಹಿಡಿಯಿತು. ಕತ್ತರಿ ಕೈಯಲ್ಲೇ ಇತ್ತು, ಆದರೂ ಬಿಚ್ಚಿದೆ.

ಮೊದಲನೆಯ ಬೈಕನ್ನೇ ಕೊಂಡದ್ದು ಒಳ್ಳೆಯದಾಯಿತು. ಶೋರೂಮಿನವನು ಹತ್ತು ನಿಮಿಷದಲ್ಲಿ ಮೂರು ಸಲ "ಮೇಡಂ, ಆಯ್ತಾ?" ಎಂದು ಕೇಳಿದನೆಂದೂ, ನೀನು "ಕೂರೋದು ಆಗಿದೆ, ಯೋಚನೆ ಆಗಿಲ್ಲ" ಅಂದೆಯೆಂದೂ ಓದಿ ನಕ್ಕೆ. ಮೇಲಿಂದ ಅಕ್ಕ, "ಒಬ್ಬನೇ ಯಾಕೋ ನಗ್ತಾ ಇದೀಯ, ಗೋಂದು ತಲೆಗೇರ್ತಾ?" ಅಂದಳು. ನಿನ್ನ ಕಾಗದ ಎಂದೆ. ಮೇಲಿನಿಂದ ಬಗ್ಗಿ ನೋಡಿದಳು. ಆಮೇಲೆ, "ನಿನ್ನ ಕೇಳೋದು ಬಿಟ್ಟು ಸೀಟು ಕೇಳಿದ್ದಾಳಾ?" ಅಂದಳು. ಅವಳು ಮಾತಿಗೆ ಮೆತ್ತೆ ಹಾಕುವವಳಲ್ಲ.

ಕಾಲಿನ ಅಳತೆ ಅಷ್ಟೇ ಇದೆ. ತೂಕ ಅರವತ್ತೊಂದು. ಏಳು ಕಿಲೋ, ವರ್ಷಕ್ಕೊಂದರಂತೆ.

ಗಿರಾಕಿ ಎದುರಿಗಿದ್ದರೆ ಫೋಮ್ ಕತ್ತರಿಸಿ ಸೀಟನ್ನು ಬೈಕಿನೆತ್ತರದ ಮರದ ಕುದುರೆಯ ಮೇಲೆ ಕೂರಿಸಿ, ಅವರನ್ನು ಹತ್ತಿಸಿ, ಕೈಗೆ ಒಂದು ಲೋಟ ಚಹಾ ಕೊಡುತ್ತೇನೆ. ಚಹಾ ಮುಗಿಯುವ ಹೊತ್ತಿಗೆ ಎಲ್ಲಿ ತಗ್ಗು ಬಿದ್ದಿದೆ, ಎಲ್ಲಿ ತಟ್ಟೆ ಸಿಗುತ್ತದೆ ಎಂದು ನೋಡಿ ತಿದ್ದುತ್ತೇನೆ. ಗಿರಾಕಿ ದೂರವಿದ್ದರೆ ಅವರ ತೂಕದಷ್ಟು ಮರಳು ತುಂಬಿದ ಚೀಲ. ಚೀಲ ಚಹಾ ಕುಡಿಯುವುದಿಲ್ಲವಾದ್ದರಿಂದ ಎರಡು ದಿನ ಬಿಡುತ್ತೇನೆ.

ನಿನ್ನ ಚೀಲಕ್ಕೆ ಮೊದಲು ಐವತ್ತನಾಲ್ಕು ಕಿಲೋ ತುಂಬಿ, ತಕ್ಕಡಿಯ ಮೇಲಿಟ್ಟು, ಮಿಕ್ಕ ಏಳನ್ನು ಕೈಯಿಂದ ಸ್ವಲ್ಪಸ್ವಲ್ಪವಾಗಿ ಹಾಕಿದೆ. ಸಲಿಕೆ ಪಕ್ಕದಲ್ಲೇ ಇತ್ತು. ಮರಳನ್ನು ಕೈಯಿಂದ ತುಂಬುವುದು ನಿಧಾನದ ಕೆಲಸ. ಏಳು ಕಿಲೋ ಎಷ್ಟೆಂದು ಕೈಗೆ ಗೊತ್ತಾಗುತ್ತದೆ.

ಮುಂದಿನದು ಮುಗಿಯಿತು. ಒಂದೂವರೆ ಇಂಚು ತೆಗೆದು, ಮೂಳೆ ಕೂರುವ ಜಾಗದಲ್ಲಿ ಗಟ್ಟಿ ಫೋಮ್, ಅದರ ಮೇಲೆ ತೆಳ್ಳಗೆ ಮೆತ್ತನೆಯದು. ಟ್ಯಾಂಕಿನ ಕಡೆ ಎರಡೂ ಅಂಚುಗಳನ್ನು ಇನ್ನಷ್ಟು ಸವರಿದ್ದೇನೆ, ಕಾಲು ನೆಟ್ಟಗೆ ಇಳಿಯುತ್ತದೆ. ಈ ಸಲ ಸೊಂಟ ನೋಯುವುದಿಲ್ಲ. ಏಳು ವರ್ಷದಲ್ಲಿ ನಾನೂ ಸ್ವಲ್ಪ ಕಲಿತಿದ್ದೇನೆ.

ಕೆಲಸ ನಿಂತಿರುವುದು ಹಿಂದಿನದರಲ್ಲಿ. "ಹಿಂದಿನದು ನಿಮ್ಮ ಅಂದಾಜಿನ ಮೇಲೆ ಮಾಡಿ" ಎಂದಷ್ಟೇ ಬರೆದಿದ್ದೀಯ. ಅಂದಾಜಿಗೂ ಏನಾದರೂ ಆಧಾರ ಬೇಕು. ನಲವತ್ತು ಕಿಲೋದವರಿಗೆ ಮಾಡಿದ್ದರ ಮೇಲೆ ಎಂಬತ್ತು ಕಿಲೋದವರು ಕೂತರೆ ಅರ್ಧ ಗಂಟೆಗೆ ಎದ್ದು ನಿಲ್ಲುತ್ತಾರೆ. ಎಂಬತ್ತಕ್ಕೆ ಮಾಡಿದ್ದರ ಮೇಲೆ ನಲವತ್ತರವರು ಹಲಗೆಯ ಮೇಲೆ ಕೂತಂತೆ ಕೂರಬೇಕಾಗುತ್ತದೆ. ನಿನ್ನ ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ಹೆಂಗಸರು ಯಾರಾದರೂ ಇರಬಹುದು. ನೀನಿರುವ ಮನೆಯ ಯಜಮಾನಿಗೆ ವಯಸ್ಸಾಗಿದೆ ಎಂದು ಯಾವಾಗಲೋ ಹೇಳಿದ್ದ ನೆನಪು. ಬೇರೆ ಯಾರಾದರೂ ಇರಬಹುದು. ಯಾರು ಎಂದು ನಾನು ಕೇಳುತ್ತಿಲ್ಲ. ಸೈಲೆನ್ಸರ್ ಬಂದು ಕುದುರೆಯ ಮೇಲಿನ ಚೀಲ ನೋಡಿ, "ಏನಣ್ಣಾ, ಅತ್ತಿಗೆ ಮುಂದೆ ಕೂತವ್ರೆ, ಹಿಂದೆ ಯಾರು?" ಅಂದ. ಅವನಿಗೆ ಯಾರೂ ಹೇಳಿರಲಿಲ್ಲ, ಚೀಲದ ಮೇಲೆ ಸೀಮೆಸುಣ್ಣದಲ್ಲಿ ೬೧ ಎಂದಷ್ಟೇ ಬರೆದಿತ್ತು. ನಾನು ಚೀಲದ ಬಾಯಿ ಬಿಗಿಯುತ್ತಲೇ ಇದ್ದಾಗ, ಜನ್ಮದಲ್ಲಿ ಮೊದಲ ಸಲ ಸುಮ್ಮನಾಗಿ ಒಂದು ಸ್ಪ್ಯಾನರ್ ತಗೊಂಡು ಹೋದ. ಸ್ಪ್ಯಾನರ್ ನನ್ನದು, ಇನ್ನೂ ತಂದುಕೊಟ್ಟಿಲ್ಲ.

ಎರಡು ದಿನ ಎಂದಿದ್ದ ಚೀಲ ಐದು ದಿನದಿಂದ ಅಲ್ಲೇ ಇದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಯಾರೋ ಬಂದು ಕಾಯುತ್ತಿರುವಂತೆ ಕಾಣುತ್ತದೆ.

ನಿನ್ನನ್ನು ಕಳಿಸಿದ ಬೆಳಿಗ್ಗೆ ಜ್ಞಾಪಕಕ್ಕೆ ಬರುತ್ತಿದೆ. ಸಾಮಾನು ಹಿಂದಿನ ದಿನವೇ ಲಾರಿಯಲ್ಲಿ ಹೋಗಿತ್ತು. ಅಲ್ಲಿನ ಲ್ಯಾಬಿನಲ್ಲಿ ನಿನಗೆ ಕೆಲಸ, ಆರು ತಿಂಗಳಲ್ಲಿ ನಾನು ಅಂಗಡಿ ಸಾಗಿಸಿಕೊಂಡು ಬರುವುದು ಎಂದು ಮಾತಾಗಿತ್ತು. ನೀನು ಬೈಕು ತಂದು ಅಂಗಡಿಯ ಮುಂದೆ ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ. ಎರಡೂ ಕಾಲು ನೆಲಕ್ಕೂರಿ, ಮುಂದೆ ನೋಡುತ್ತ ನಿಂತಿದ್ದೆ. ನಾನು ಸೂಜಿದಾರ ಕೈಯಲ್ಲಿ ಹಿಡಿದೇ ಹೊರಗೆ ಬಂದೆ. ಇಳಿಜಾರಿನಲ್ಲಿ ಹಿಂದಿನ ಬ್ರೇಕು ಮೊದಲು ಹಿಡಿ ಅಂದೆ. ಹೂಂ ಅಂದೆ ನೀನು. ಮತ್ತೂ ಸ್ವಲ್ಪ ಹೊತ್ತು ನಿಂತಿದ್ದೆ. ರಸ್ತೆ ಖಾಲಿಯಿತ್ತು, ಯಾವ ಗಾಡಿಗೆ ಕಾಯುತ್ತಿದ್ದೀಯೋ ಎಂದುಕೊಂಡೆ.

ಆರು ತಿಂಗಳು ಹೇಗೆ ಏಳು ವರ್ಷವಾಯಿತೆಂದು ನಾನು ಹೇಳಲಾರೆ. ಜಗಳವಾಗಿದ್ದರೆ ತಾರೀಖಾದರೂ ಇರುತ್ತಿತ್ತು.

ತೂಕ ಬರೆ. ಬರೆಯದಿದ್ದರೆ ಅಂದಾಜಿನ ಮೇಲೆಯೇ ಮಾಡುತ್ತೇನೆ. ನಿನ್ನ ಹೊಸ ಬೈಕು ಸೀಟಿಲ್ಲದೆ ಎಷ್ಟು ದಿನ ನಿಂತಿರಲು ಸಾಧ್ಯ?

ಆರೋಗ್ಯ ನೋಡಿಕೋ.

ಇವರು

ತಾ.ಕ. ಅಕ್ಕ ಕೆಳಗಿಳಿದು ಬಂದು ಚೀಲವನ್ನು ಸುತ್ತಿ ನೋಡಿ, "ಅವಳು ಇಲ್ಲಿದ್ದಾಗ್ಲೂ ಇಷ್ಟು ಚೆನ್ನಾಗಿ ಒಂದು ದಿನ ಮಾಡಿಕೊಟ್ಟಿದ್ರೆ" ಅಂದಳು. ನನ್ನ ಬೈಕಿನ ಹಿಂದೆ ಹನ್ನೊಂದು ವರ್ಷ ಕೂತು, ಬ್ರೇಕು ಹಿಡಿದಾಗಲೆಲ್ಲ ಜಾರಿ ಜಾರಿ ನನ್ನ ಬೆನ್ನಿಗೆ ಬರ್ತೀನಿ, ಆ ಇಳಿಜಾರೊಂದು ಸರಿಮಾಡಿ ಎಂದು ನೀನು ಹೇಳುತ್ತಿದ್ದದ್ದು ಅವಳಿಗೆ ಮಹಡಿಯಲ್ಲೂ ಕೇಳಿಸುತ್ತಿತ್ತಂತೆ.


ಏಪ್ರಿಲ್ ೨೨, ಸೋಮವಾರ

ಇವಳೇ,

ನೀನು ತೂಕ ಬರೆಯಲಿಲ್ಲ. ನಾನು ಸೀಟು ಮುಗಿಸಿದ್ದೇನೆ. ಈ ಕಾಗದ ಅದರ ಜೊತೆಯಲ್ಲೇ, ಒಳಗಿನ ತಟ್ಟೆಗೆ ಅಂಟಿಸಿದ ಲಕೋಟೆಯಲ್ಲಿ ಬರುತ್ತಿದೆ. ಗೋಣಿಯನ್ನು ನಿನ್ನ ಥರ ಎರಡು ಗಂಟು ಹಾಕಿಯೇ ಹೊಲಿದಿದ್ದೇನೆ. ಕತ್ತರಿ ಉಪಯೋಗಿಸು, ಪರವಾಗಿಲ್ಲ.

ಕೂರಿಸುವಾಗ ಹಿಂದಿನ ಕೊಕ್ಕೆಗಳನ್ನು ಮೊದಲು ಸೇರಿಸಿ, ಆಮೇಲೆ ಮುಂದಿನ ಬೋಲ್ಟು ಬಿಗಿ ಮಾಡು. ಮೊದಲ ವಾರ ಗಟ್ಟಿ ಎನಿಸುತ್ತದೆ. ಹೆದರಿ ಮೇಲೆ ಜೆಲ್ ಪ್ಯಾಡು ಹಾಕಬೇಡ, ಎತ್ತರ ಮತ್ತೆ ಏರುತ್ತದೆ. ಹೊಲಿಗೆಯ ಮೇಲೆ ಮೇಣ ಸವರಿದ್ದೇನೆ, ನೀರು ಒಳಗೆ ಹೋಗುವುದಿಲ್ಲ. ಹಿಂದಿನ ಭಾಗ ಕಂಪನಿಯಿಂದ ಬಂದಾಗ ಮುಂದಕ್ಕೆ ಇಳಿಜಾರಿತ್ತು. ತೆಗೆದಿದ್ದೇನೆ. ಮುಂದುಗಡೆ ಒಂದು ಬೆರಳು ಎತ್ತರಿಸಿದ್ದೇನೆ. ಈಗ ಬ್ರೇಕು ಹಿಡಿದರೂ ಹಿಂದಿನವರು ಜಾರುವುದಿಲ್ಲ.

ಡ್ರಾಯಿಂಗ್ ಮೇಷ್ಟ್ರ ವಿಷಯ ಬರೆದಿದ್ದೆನಲ್ಲ. ಹೋದ ಗುರುವಾರ ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬಂದರು. ಜೊತೆಗೆ ಅವರ ಹೆಂಡತಿ, ಆಕೆಗೆ ಏನೂ ಆಗಿರಲಿಲ್ಲ. ಶಪಥ ಮುರಿದದ್ದು ಆಕೆಯೇ. ಮೇಷ್ಟ್ರು ಒಬ್ಬರೇ ಬೆಟ್ಟಕ್ಕೆ ಹೋಗಿ ಬರೆದು ತಂದ ಚಿತ್ರ ನೋಡಿ, ನಾನೂ ಬರ್ತೀನಿ ಅಂದರಂತೆ. ಮನೆಯ ಮುಂದೆಯೇ, ಬೈಕು ನಿಂತಿರುವಾಗಲೇ, ಆಕೆ ಹತ್ತಲು ಕಾಲೆತ್ತಿದ ಕೂಡಲೇ ಇಬ್ಬರೂ ಬೈಕಿನ ಸಮೇತ ಹೂವಿನ ಕುಂಡದ ಮೇಲೆ.

ಆಕೆ ಬೆಂಚಿನ ಮೇಲೆ ಕೂತು ನನ್ನನ್ನು ವಿಚಾರಿಸಿಕೊಂಡರು. "ನೋಡಿ, ಇವರಿಗೆ ಒಂದು ಕಾಲು ಸಾಕು ಅಂತ ನೀವು ಹೇಳಿದ್ರಂತೆ."

"ಒಬ್ಬರೇ ಓಡಿಸ್ತೀನಿ ಅಂದ್ರಮ್ಮ. ಒಬ್ಬರಿಗೆ ಸಾಕು" ಅಂದೆ.

"ನಾನು ಹತ್ತಬೇಕಾದ್ರೆ?"

"ಹಿಂದೆ ಇನ್ನೊಬ್ಬರು ಹತ್ತೋವಾಗ ಮುಂದಿರೋರು ಎರಡೂ ಕಾಲು ಊರಿ ಹಿಡ್ಕೊಂಡಿರಬೇಕು. ಇಲ್ಲದಿದ್ರೆ ಗಾಡಿ ವಾಲುತ್ತೆ."

"ಅದನ್ನೇ ನಾನೂ ಹೇಳ್ತಿರೋದು! ಎರಡೂ ಕಾಲು ಊರಿಕೊಂಡು ನಿಂತ್ರೇನೇ ನಂಗೂ ಕರೀತಾ ಇದಾರೆ ಅಂತ ಗೊತ್ತಾಗೋದು. ಒಂದು ಕಾಲಲ್ಲಿ ನಿಂತು ಬಾ ಅಂದ್ರೆ ಯಾರು ನಂಬ್ತಾರೆ?" ಮೇಷ್ಟ್ರ ಕಡೆ ತಿರುಗಿ, "ನೀವು ಸುಮ್ನಿರಿ" ಅಂದರು. ಮೇಷ್ಟ್ರು ಮೊಣಕೈಯ ಪಟ್ಟಿ ಸರಿಮಾಡಿಕೊಂಡರು.

ಸೈಲೆನ್ಸರ್ ಬಾಗಿಲಲ್ಲಿ ನಿಂತು ನಗುತ್ತಿದ್ದ. ನಾನು ಇನ್ನೂ ಒಂದು ಇಂಚು ಗುರುತು ಹಾಕಿ ಬ್ಲೇಡು ಎತ್ತಿಕೊಂಡೆ. ಗೆರೆಯ ಮೇಲೆ ಬ್ಲೇಡು ಇಟ್ಟವನು ಹಾಗೇ ನಿಂತುಬಿಟ್ಟೆನಂತೆ. ಮೇಷ್ಟ್ರ ಹೆಂಡತಿ, "ನಾನು ಜೋರಾಗಿ ಮಾತಾಡಿದ್ನಾ? ತಪ್ಪು ತಿಳ್ಕೋಬೇಡಿ" ಅಂದರು. ಇಲ್ಲಮ್ಮ, ಲೆಕ್ಕ ಹಾಕ್ತಿದ್ದೆ ಅಂದೆ.

ಆಮೇಲೆ ಇಬ್ಬರನ್ನೂ ಕುದುರೆ ಹತ್ತಿಸಿ ಚಹಾ ಕೊಟ್ಟೆ. ಅವರು ಕುದುರೆಯ ಮೇಲೆ ಕೂತೇ ಯಾವ ಬೆಟ್ಟ ಮೊದಲು ಎಂದು ಜಗಳವಾಡಿದರು. ಚಹಾ ಮುಗಿದು ಬಹಳ ಹೊತ್ತಾದರೂ ಇಳಿಯಿರಿ ಎಂದು ನಾನು ಹೇಳಲಿಲ್ಲ.

ಬೇರೆ ಸುದ್ದಿಯಿಲ್ಲ. ಅಕ್ಕನಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು. ಮಹಡಿಯಿಂದ ನನ್ನ ತಲೆ ನೋಡಿ, ಇಷ್ಟು ಬೆಳ್ಳಗಾಗಿದೆ ಅಂತ ಗೊತ್ತೇ ಇರಲಿಲ್ಲ ಕಣೋ ಅಂದಳು. ಸೈಲೆನ್ಸರ್ ಸ್ಪ್ಯಾನರ್ ವಾಪಸು ಕೊಟ್ಟ, ನನ್ನದಲ್ಲ, ಬೇರೆ ಯಾರದೋ. ನಿನ್ನ ಚೀಲದ ಮರಳನ್ನು ಇನ್ನೂ ಸುರಿದಿಲ್ಲ. ಇನ್ನೊಬ್ಬ ಗಿರಾಕಿ ಬಂದಾಗ ಬೇಕಾಗುತ್ತದೆ, ಆಗ ಸುರಿದರಾಯಿತು.

ಹೊಸ ಬೈಕಿನಲ್ಲಿ ನಿನ್ನ ಓಡಾಟ ಸುಖವಾಗಿರಲಿ. ನೀನು ಹೋಗುವ ಮನೆಗಳ ಗೇಟುಗಳೆಲ್ಲ ಸಮತಟ್ಟಾದ ಕಡೆಯೇ ಇರಲಿ. ಯಾರು ಹಿಂದೆ ಕೂತರೂ ಅವರಿಗೂ ಒಳ್ಳೆಯದಾಗಲಿ.

ಇವರು

ತಾ.ಕ. ಹಿಂದಿನದನ್ನು ಯಾವ ಅಂದಾಜಿನ ಮೇಲೆ ಮಾಡಿದೆ ಎಂದು ಬರೆಯಬಾರದೆಂದುಕೊಂಡಿದ್ದೆ. ಕಾಗದ ಮಡಚಿದವನು ಮತ್ತೆ ಬಿಡಿಸಿದ್ದೇನೆ.

ಎರಡನೆಯ ಚೀಲಕ್ಕೆ ಮರಳು ತುಂಬಲೇ ಇಲ್ಲ. ನಿನ್ನೆ ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ನಿನ್ನ ಚೀಲದ ಹಿಂದೆ ನಾನೇ ಹತ್ತಿ ಕೂತೆ. ಇಪ್ಪತ್ತಾರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಆಗಿನ್ನೂ ಇಳಿಜಾರು ತೆಗೆದಿರಲಿಲ್ಲ. ನಿಧಾನವಾಗಿ ಜಾರಿ ಚೀಲಕ್ಕೆ ಒತ್ತಿಕೊಳ್ಳುತ್ತಿದ್ದೆ, ಹಿಂದಕ್ಕೆ ಸರಿದು ಕೂರುತ್ತಿದ್ದೆ, ಮತ್ತೆ ಜಾರುತ್ತಿದ್ದೆ. ಕಾಲು ಗಂಟೆಗೇ ಸೊಂಟ ಹಿಡಿಯಿತು. ಇಳಿದು, ಇಳಿಜಾರು ಸರಿಮಾಡಿ, ಮತ್ತೆ ಹತ್ತಿ ಎರಡು ಗಂಟೆ ಕೂತೆ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎದ್ದು ನೋಡಿದಾಗ ಫೋಮಿನಲ್ಲಿ ಎರಡು ತಗ್ಗುಗಳಿದ್ದವು. ಅವುಗಳ ಮೇಲೆಯೇ ರೆಕ್ಸಿನ್ ಎಳೆದು ಹೊಲಿದಿದ್ದೇನೆ. ಎಪ್ಪತ್ತೆರಡು ಕಿಲೋ. ಬೇರೆಯವರು ಕೂತರೆ ಕೆಲವು ದಿನ ಅಲ್ಲಿ ಇಲ್ಲಿ ಒತ್ತುತ್ತದೆ, ತಿಂಗಳೊಪ್ಪತ್ತಿನಲ್ಲಿ ಫೋಮ್ ಅವರಿಗೆ ಒಗ್ಗಿಕೊಳ್ಳುತ್ತದೆ. ನೀನೇನೂ ಮಾಡಬೇಕಿಲ್ಲ.

ನೀನು ಸೀಟನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ ದಿನ, ನಿನ್ನ ಮುಂದಿದ್ದ ಇಬ್ಬರಿಗೂ ಮೂರು ಮೂರು ಪ್ರಶ್ನೆ ಕೇಳಿದೆ. ನಿನ್ನ ಸರದಿ ಬಂದಾಗ ಒಂದನ್ನೂ ಕೇಳಲಿಲ್ಲ. ಮನೆಯವಳು, ಎಲ್ಲ ಗೊತ್ತು ಎಂದು ಬ್ಲೇಡು ಎತ್ತಿಕೊಂಡೆ. ಕಾಲಿನ ಅಳತೆ ಗೊತ್ತಿತ್ತು, ತೂಕ ಗೊತ್ತಿತ್ತು. ಹೊರಟ ಬೆಳಿಗ್ಗೆ ನೀನು ಎರಡೂ ಕಾಲು ಊರಿ ಅಷ್ಟು ಹೊತ್ತು ನಿಂತಿದ್ದಾಗಲೂ ನಾನು ಬ್ರೇಕಿನ ಮಾತಾಡಿದೆ.

ಮೂರನೆಯದನ್ನು ಈಗ ಕೇಳುತ್ತಿದ್ದೇನೆ. ಒಬ್ಬಳೇನಾ, ಹಿಂದೆ ಯಾರಾದರೂ ಕೂರುತ್ತಾರಾ?